ಯಾವ ಗಂಟು ಮೊದಲು ಬಿಚ್ಚಿತು?

ಉಪ್ಪಿನಕಾಯಿ ಹಾಕುವ ಗೃಹಿಣಿಗೆ ಯಾರೂ ಹೇಳಿಕೊಡಬೇಕಾಗಿಲ್ಲದ ನಿಯಮವೊಂದಿದೆ. ಹೋದ ವರ್ಷದ ಜಾಡಿ ಬರಿದಾಗುವವರೆಗೆ ಈ ವರ್ಷದ ಜಾಡಿಯ ಬಟ್ಟೆ ಬಿಚ್ಚುವಂತಿಲ್ಲ. ಹಳೆಯದು ಮೊದಲು, ಹೊಸದು ಆಮೇಲೆ. ಆದರೆ ನಮ್ಮ ಬಳ್ಳಾರಿ ಸೀಮೆಯ ಹಿರಿಯರು ಜೋಳ ತುಂಬಿಡುತ್ತಿದ್ದ ಹಗೇವನ್ನು ನೆನಪಿಸಿಕೊಳ್ಳಿ. ನೆಲದೊಳಗಿನ ಆ ಕಣಜದಲ್ಲಿ ಕೊನೆಗೆ ಸುರಿದದ್ದೇ ಮೊದಲು ಕೈಗೆ ಬರುತ್ತದೆ. ತಳದ ಹಳೆಯ ಜೋಳ ಕಟ್ಟಕಡೆಗೆ. ಇನ್ನು ಹಿಟ್ಟಿನ ಡಬ್ಬಿಯ ನ್ಯಾಯವೇ ಬೇರೆ. ಹಳೆಯ ಹಿಟ್ಟಿಗೆ ಹೊಸ ಹಿಟ್ಟು ಬೆರೆತ ಮೇಲೆ ಯಾವುದು ಯಾವುದೆಂದು ಬ್ರಹ್ಮನೂ ಹೇಳಲಾರ.

ಇದೇನು, ಅಡುಗೆಮನೆಯ ಹರಟೆ ಎಂದಿರಾ? ಅಲ್ಲ ಅಕ್ಕಂದಿರೇ, ಇದು ಮ್ಯೂಚುವಲ್ ಫಂಡಿನ ಮಾತು. ತಿಂಗಳು ತಿಂಗಳು ಕಂತು ಕಟ್ಟಿ ಕೂಡಿಸಿದ ಯೂನಿಟ್ಟುಗಳಲ್ಲಿ ಒಂದಿಷ್ಟನ್ನು ಮಾರಿದಾಗ ನಾವು ಮಾರಿದ್ದು ಯಾವುದನ್ನು? ಜಾಡಿಯ ನ್ಯಾಯದಂತೆ ಹಳೆಯದನ್ನೋ, ಹಗೇವಿನ ನ್ಯಾಯದಂತೆ ಹೊಸದನ್ನೋ, ಹಿಟ್ಟಿನ ಡಬ್ಬಿಯಂತೆ ಎಲ್ಲ ಬೆರೆಸಿದ್ದನ್ನೋ? ಲಾಭವೆಷ್ಟು, ತೆರಿಗೆಯೆಷ್ಟು ಎಂಬುದೆಲ್ಲ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ. ಮನೆಯಲ್ಲಿ ಕಂಪ್ಯೂಟರಿನ ಲೆಕ್ಕದ ತಂತ್ರಾಂಶ ಇಟ್ಟುಕೊಂಡವರಿಗೆ ದೊಡ್ಡ ಕಾಟ ಕೊಡುವುದೂ ಇದೇ ಪ್ರಶ್ನೆ.

ನಮ್ಮ ದರೋಜಿ ಸಂಡೂರು ತಾಲ್ಲೂಕಿನ ಊರು. ಹೊರಗಿನವರಿಗೆ ದರೋಜಿ ಎಂದರೆ ಕರಡಿಧಾಮ, ದೊಡ್ಡ ಕೆರೆ, ಇಲ್ಲವೇ ಬುರ್ರಕಥೆಯ ಈರಮ್ಮನವರು. 2014ರಲ್ಲಿ ತೀರಿಕೊಂಡ ಆ ತಾಯಿ ಓದು ಬರಹ ಕಲಿಯದೆಯೇ ದೊಡ್ಡ ದೊಡ್ಡ ಕಥೆಗಳನ್ನು ನೆನಪಿನಿಂದ ಹಾಡುತ್ತಿದ್ದರು. ಅಂಥ ನೆನಪು ಎಲ್ಲರಿಗೂ ಎಲ್ಲಿಂದ ಬರಬೇಕು? ಎಂಟು ವರ್ಷದ ಹಿಂದೆ ಯಾವ ತಿಂಗಳು ಯಾವ ದರಕ್ಕೆ ಎಷ್ಟು ಯೂನಿಟ್ಟು ಬಂತೆಂದು ನನಗೂ ನೆನಪಿರುವುದಿಲ್ಲ, ನಿಮಗೂ ಇರುವುದಿಲ್ಲ. ಬರೆದಿಟ್ಟಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ನಮ್ಮ ತಾಯಂದಿರ ಕಾಲದಲ್ಲಿ ಈ ತೊಡಕು ಇಷ್ಟಿರಲಿಲ್ಲ. 1964ರಲ್ಲಿ ಯುನಿಟ್ ಟ್ರಸ್ಟ್ ಆಫ್ ಇಂಡಿಯಾ ಶುರುವಾದ ಮೇಲೆ ಯೂನಿಟ್ಟು ಕೊಂಡವರ ಮನೆಗೆ ಕಾಗದದ ಪತ್ರ ಬರುತ್ತಿತ್ತು. ಪತ್ರದ ಮೇಲೆ ದಿನಾಂಕ, ಯೂನಿಟ್ಟಿನ ಸಂಖ್ಯೆ. ಬೀರುವಿನಲ್ಲಿ ಸೀರೆಯ ಕೆಳಗೆ ಜೋಪಾನವಾಗಿಟ್ಟ ಆ ಒಂದೊಂದು ಪತ್ರವೂ ಒಂದೊಂದು ಗಂಟು. ಈಗ ಪತ್ರವಿಲ್ಲ, ಮೊಬೈಲಿನಲ್ಲಿ ಒಟ್ಟು ಮೊತ್ತವೊಂದೇ ಕಣ್ಣಿಗೆ ಬೀಳುತ್ತದೆ. ಒಟ್ಟು ಕಂಡಿತೆಂದು ನಾವು ಸಮಾಧಾನವಾಗಿರುತ್ತೇವೆ, ಗಂಟುಗಳು ಒಳಗೇ ಮರೆಯಾಗಿರುತ್ತವೆ.

ಇಂಗ್ಲಿಷಿನಲ್ಲಿ ಇದಕ್ಕೆ ಲಾಟು ಎನ್ನುತ್ತಾರೆ. ಒಂದು ದಿನ ಒಂದು ದರಕ್ಕೆ ಕೊಂಡ ಯೂನಿಟ್ಟುಗಳ ಗುಂಪೇ ಒಂದು ಲಾಟು. ನಾನು ಗಂಟು ಎಂದೇ ಕರೆಯುತ್ತೇನೆ. ತಿಂಗಳಿಗೊಂದು ಕಂತು ಎಂದರೆ ವರ್ಷಕ್ಕೆ ಹನ್ನೆರಡು ಗಂಟು, ಹತ್ತು ವರ್ಷಕ್ಕೆ ನೂರಾ ಇಪ್ಪತ್ತು. ಪ್ರತಿ ಗಂಟಿಗೂ ಅದರದೇ ಹುಟ್ಟಿದ ದಿನ, ಅದರದೇ ಬೆಲೆ.

ಮೂರು ಗಂಟಿನ ಲೆಕ್ಕ

ಸುಲಭವಾಗಲೆಂದು ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಒಲೆಯ ಮೇಲಿನದನ್ನು ಇಳಿಸಿಟ್ಟು ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

2023ರ ಜನವರಿಯಲ್ಲಿ 20 ರೂಪಾಯಿ ದರಕ್ಕೆ 100 ಯೂನಿಟ್ಟು ಕೊಂಡಿರಿ, 2,000 ರೂಪಾಯಿ. 2024ರ ಜೂನ್‌ನಲ್ಲಿ 25 ರೂಪಾಯಿಗೆ 80 ಯೂನಿಟ್ಟು; ಮತ್ತೆ 2,000. 2025ರ ಜನವರಿಯಲ್ಲಿ 40 ರೂಪಾಯಿಗೆ 50 ಯೂನಿಟ್ಟು, ಇನ್ನೊಂದು 2,000. ಒಟ್ಟು 230 ಯೂನಿಟ್ಟು, 6,000 ರೂಪಾಯಿ. 2025ರ ಮಾರ್ಚಿನಲ್ಲಿ 45 ರೂಪಾಯಿ ದರಕ್ಕೆ 120 ಯೂನಿಟ್ಟು ಮಾರಿದಿರಿ. ಕೈಗೆ ಬಂದದ್ದು 5,400. ಲಾಭವೆಷ್ಟು?

ಜಾಡಿಯ ನ್ಯಾಯದಲ್ಲಿ ಮೊದಲ ಗಂಟಿನ 100 ಪೂರ್ತಿ ಹೋಯಿತು, ಎರಡನೆಯದರಿಂದ 20 ಹೋಯಿತು. ಅಸಲು 2,000 ಮತ್ತು 500, ಒಟ್ಟು 2,500. ಲಾಭ 2,900. ಅದರಲ್ಲಿ 2,500 ವರ್ಷ ದಾಟಿದ ಗಂಟಿನದು, 400 ವರ್ಷ ತುಂಬದ ಗಂಟಿನದು.

ಹಗೇವಿನ ನ್ಯಾಯದಲ್ಲಿ ಕೊನೆಯ 50 ಹೋಯಿತು, ನಡುವಿನದರಿಂದ 70 ಹೋಯಿತು. ಅಸಲು 3,750, ಲಾಭ 1,650. ಅಷ್ಟೂ ವರ್ಷ ತುಂಬದ್ದು. ಹಿಟ್ಟಿನ ಡಬ್ಬಿಯ ನ್ಯಾಯದಲ್ಲಿ ಯೂನಿಟ್ಟಿಗೆ ಸರಾಸರಿ 26 ರೂಪಾಯಿ ಚಿಲ್ಲರೆ. ಲಾಭ ಸುಮಾರು 2,270.

ನೋಡಿದಿರಾ? ಅದೇ ಯೂನಿಟ್ಟು, ಅದೇ ದಿನ, ಕೈಗೆ ಬಂದದ್ದೂ ಅದೇ ಹಣ. ಲಾಭ ಮಾತ್ರ ಮೂರು ಬಗೆ! ನಮ್ಮ ದೇಶದಲ್ಲಿ ನಡೆಯುವುದು ಜಾಡಿಯ ನ್ಯಾಯ. ಮೊದಲು ಬಂದದ್ದು ಮೊದಲು ಹೋಯಿತೆಂದು ಲೆಕ್ಕ. ಫಂಡಿನ ಕಚೇರಿಯವರು ಒಂದೊಂದು ಫೋಲಿಯೊ ಸಂಖ್ಯೆಗೂ ಬೇರೆ ಬೇರೆಯಾಗಿ ಹೀಗೇ ಎಣಿಸುತ್ತಾರೆ. ಅಮೆರಿಕದಲ್ಲಿ ಹಾಗಲ್ಲ, ಅಲ್ಲಿ ಫಂಡಿನ ಯೂನಿಟ್ಟಿಗೆ ಸರಾಸರಿ ಲೆಕ್ಕವೂ ನಡೆಯುತ್ತದೆ, ಇಂಥ ಗಂಟನ್ನೇ ಮಾರಿದೆ ಎಂದು ಆರಿಸಲೂ ಬರುತ್ತದೆ. ಆ ದೇಶದವರ ಅನುಕೂಲಕ್ಕೆ ಬರೆದ ತಂತ್ರಾಂಶದಲ್ಲಿ ಸರಾಸರಿ ಎಂಬ ಗುರುತು ಮೊದಲೇ ಹಾಕಿರಬಹುದು. ನೀವು ಎಷ್ಟೇ ಸರಿಯಾಗಿ ತುಂಬಿದರೂ ಉತ್ತರ ಫಂಡಿನವರದಕ್ಕೆ ಹೊಂದುವುದಿಲ್ಲ. ಮೊದಲು ನೋಡಬೇಕಾದದ್ದು ಆ ಗುರುತನ್ನೇ.

ಹುಟ್ಟಿದ ದಿನ ಏಕೆ ಬೇಕು?

ಶೇರುಗಳಲ್ಲಿ ಹಣ ಹೂಡುವ ಈಕ್ವಿಟಿ ಫಂಡಿನ ಯೂನಿಟ್ಟನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡು ಮಾರಿದರೆ ಬರುವುದು ದೀರ್ಘಾವಧಿ ಲಾಭ. ಅದಕ್ಕಿಂತ ಮೊದಲೇ ಮಾರಿದರೆ ಅಲ್ಪಾವಧಿ ಲಾಭ. 2024ರ ಜುಲೈ 23ರಿಂದ ಬಂದ ನಿಯಮದಂತೆ ಇಂಥ ದೀರ್ಘಾವಧಿ ಲಾಭ ವರ್ಷಕ್ಕೆ 1,25,000 ರೂಪಾಯಿಯೊಳಗಿದ್ದರೆ ತೆರಿಗೆಯಿಲ್ಲ, ಮೇಲಿನದಕ್ಕೆ ಶೇಕಡಾ 12.5. ಅಲ್ಪಾವಧಿ ಲಾಭಕ್ಕೆ ಶೇಕಡಾ 20. ನಮ್ಮ ಮೂರು ಗಂಟಿನ ಲೆಕ್ಕದಲ್ಲಿ ಜಾಡಿಯ ನ್ಯಾಯವಾದರೆ 400 ರೂಪಾಯಿಗೆ 80 ರೂಪಾಯಿ ತೆರಿಗೆ; ಹಗೇವಿನ ನ್ಯಾಯವಾದರೆ ಲಾಭ ಕಡಿಮೆಯೆಂದು ಕಂಡರೂ ತೆರಿಗೆ 330. ಸಾವಿರದ ಕಡೆ ಲಕ್ಷವಿದ್ದರೆ ಎಷ್ಟಾಗುತ್ತದೆಂದು ನೀವೇ ಗುಣಿಸಿಕೊಳ್ಳಿ.

ಹಳೆಯ ಗಂಟುಗಳಿಗೆ ಇನ್ನೊಂದು ಸವಲತ್ತಿದೆ. 2018ರ ಜನವರಿ 31ರವರೆಗೆ ಕೊಂಡ ಈಕ್ವಿಟಿ ಯೂನಿಟ್ಟುಗಳಿಗೆ ಆ ದಿನದ ದರವನ್ನೇ ಅಸಲೆಂದು ಹಿಡಿಯಲು ಬರುತ್ತದೆ. ಆ ದರ ಮಾರಿದ ಬೆಲೆಗಿಂತ ಹೆಚ್ಚಿರಬಾರದು, ನೀವು ಕೊಟ್ಟದ್ದು ಅದಕ್ಕಿಂತ ಹೆಚ್ಚಾಗಿದ್ದರೆ ಕೊಟ್ಟದ್ದೇ ಅಸಲು. ಅಲ್ಲಿಯವರೆಗೆ ಬೆಳೆದ ಲಾಭಕ್ಕೆ ತೆರಿಗೆ ಬೀಳದಿರಲೆಂದು ಈ ಏರ್ಪಾಡು. ಸಾಲಪತ್ರಗಳಲ್ಲಿ ಹಣ ಹೂಡುವ ಡೆಟ್ ಫಂಡುಗಳಲ್ಲಿ 2023ರ ಏಪ್ರಿಲ್ 1ರ ಹಿಂದೆ ಕೊಂಡದ್ದಕ್ಕೆ ಒಂದು ನಿಯಮ; ಅಂದು ಮತ್ತು ಆಮೇಲೆ ಕೊಂಡದ್ದಕ್ಕೆ ಇನ್ನೊಂದು, ಎಷ್ಟು ವರ್ಷ ಇಟ್ಟರೂ ಲಾಭ ಮಾಮೂಲಿ ಆದಾಯಕ್ಕೇ ಸೇರುತ್ತದೆ. ತೆರಿಗೆ ಉಳಿಸುವ ಇಎಲ್‌ಎಸ್‌ಎಸ್ ಫಂಡಿನಲ್ಲಿ ಮೂರು ವರ್ಷದ ಬೀಗವಿದೆಯಲ್ಲ, ಅದೂ ಒಂದೊಂದು ಕಂತಿಗೂ ಬೇರೆ ಬೇರೆ. ಮೊದಲ ಕಂತಿಗೆ ಮೂರು ವರ್ಷ ತುಂಬಿತೆಂದರೆ ಎಲ್ಲ ಬಿಡುಗಡೆಯಾಯಿತೆಂದಲ್ಲ.

ಎಲ್ಲಕ್ಕೂ ಗಂಟಿನ ಹುಟ್ಟಿದ ದಿನವೇ ಆಧಾರ. ದಿನಾಂಕ ಅಳಿಸಿಹೋದ ಗಂಟು ಜಾತಕ ಕಳೆದುಹೋದ ಮಗುವಿನಂತೆ.

ನಮ್ಮ ವಾರಗಿತ್ತಿಯ ಲೆಕ್ಕ

ಇಷ್ಟನ್ನೂ ನಾನು ಪುಸ್ತಕ ಓದಿ ಕಲಿತದ್ದಲ್ಲ. ನಮ್ಮ ಭಾವನವರು 2016ರಿಂದ ತಿಂಗಳಿಗೆ 2,000 ರೂಪಾಯಿಯಂತೆ ಒಂದು ಈಕ್ವಿಟಿ ಫಂಡಿಗೆ ಕಟ್ಟುತ್ತಾ ಬಂದಿದ್ದರು. 2024ರಲ್ಲಿ ಅವರು ತೀರಿಹೋದರು. ನಾಮಿನಿಯಾಗಿದ್ದ ನಮ್ಮ ವಾರಗಿತ್ತಿಯ ಹೆಸರಿಗೆ ಆ ವರ್ಷ ನವೆಂಬರಿನಲ್ಲಿ ಯೂನಿಟ್ಟುಗಳು ವರ್ಗವಾದವು. 2025ರ ಜೂನ್‌ನಲ್ಲಿ ಮಗಳ ಕಾಲೇಜಿನ ಶುಲ್ಕಕ್ಕೆ ಒಂದೂವರೆ ಲಕ್ಷ ಬೇಕಾಯಿತು. ಒಂದು ಭಾಗ ಮಾರೋಣವೆಂದರೆ ತೆರಿಗೆಯ ಭಯ. ಕಂಪ್ಯೂಟರ್ ತೆರೆದು ನೋಡಿದರೆ ಆರು ಸಾವಿರ ಚಿಲ್ಲರೆ ಲಾಭ, ಪೂರ್ತಿ ಅಲ್ಪಾವಧಿ ಎಂದು ತೋರಿಸಿತು. ಹೊಸಪೇಟೆಯ ಲೆಕ್ಕಿಗರೊಬ್ಬರು ನೋಡಿ, “ಒಂಬತ್ತು ವರ್ಷ ಕಟ್ಟಿದ ದುಡ್ಡಿಗೆ ಲಾಭ ಬರೀ ಆರು ಸಾವಿರವೇನಮ್ಮ? ಇದು ಸರಿಯಿಲ್ಲ” ಎಂದು ಹಿಂದಕ್ಕೆ ಕಳಿಸಿದರು.

“ಇದರಾಗ ಏನೋ ತಪ್ಪೈತಿ ನೋಡವ್ವ. ಅವರು ಇದ್ದಾಗ ನಾನೊಂದು ದಿನಾನೂ ಈ ಪೆಟ್ಟಿಗಿ ಮುಟ್ಟಿದಾಕಿ ಅಲ್ಲ” ಎಂದರು ಅಕ್ಕ. ಅವರ ದನಿಯಲ್ಲಿದ್ದದ್ದು ಬರೀ ದುಡ್ಡಿನ ಚಿಂತೆಯಲ್ಲ. ಗಂಡ ಕೂಡಿಟ್ಟ ಲೆಕ್ಕ ತನಗೆ ಓದಲು ಬರುತ್ತಿಲ್ಲವಲ್ಲ ಎಂಬ ಸಂಕಟ. ಊಟವಾದ ಮೇಲೆ ನಾಲ್ಕು ಸಂಜೆ ಅಕ್ಕ, ಅವರ ಮಗಳು, ನಾನು ಮೂವರೂ ಕೂತೆವು.

ಮೊದಲು ಫಂಡಿನವರ ವಿವರವಾದ ಕಾಗದ ತರಿಸಿದೆವು. ಇದು ಕಷ್ಟದ ಕೆಲಸವಲ್ಲ. ಕ್ಯಾಮ್ಸ್ ಮತ್ತು ಕೆಫಿನ್‌ಟೆಕ್ ಎಂಬ ಎರಡು ಸಂಸ್ಥೆಗಳು ದೇಶದ ಹೆಚ್ಚಿನೆಲ್ಲ ಫಂಡುಗಳ ಲೆಕ್ಕ ಇಡುತ್ತವೆ. ಫಂಡಿಗೆ ಕೊಟ್ಟ ಇ-ಮೇಲ್ ವಿಳಾಸದಿಂದ ಕೇಳಿದರೆ ಎಲ್ಲ ಫಂಡುಗಳ ಒಟ್ಟು ಖಾತೆಪಟ್ಟಿಯನ್ನು ಬಿಟ್ಟಿಯಾಗಿ ಕಳಿಸುತ್ತವೆ. ಕೇಳುವಾಗ ಸಂಕ್ಷಿಪ್ತವಾದದ್ದು ಬೇಡ, ವಿವರವಾದದ್ದು ಬೇಕೆನ್ನಿ. ಮೊದಲ ಕಂತಿನ ದಿನದಿಂದ ಕೇಳಿ. ಬಾಕಿ ಸೊನ್ನೆಯಾದ ಫೋಲಿಯೊಗಳನ್ನೂ ಸೇರಿಸಿರೆಂದು ಗುರುತು ಹಾಕಿ. ಭಾವನವರ ಹಳೆಯ ಫೋಲಿಯೊ ಸೊನ್ನೆಯಾಗಿತ್ತಲ್ಲ, ಅದರೊಳಗೇ ನಮಗೆ ಬೇಕಾದ ಗಂಟುಗಳೆಲ್ಲ ಇದ್ದವು.

ಎರಡನೆಯದಾಗಿ, ರೂಪಾಯಿಯನ್ನು ಬದಿಗಿಟ್ಟು ಯೂನಿಟ್ಟಿನ ಲೆಕ್ಕ ಹಿಡಿದೆವು. ದರ ದಿನಾ ಏರಿಳಿಯುತ್ತದೆ, ಯೂನಿಟ್ಟು ಹಾಗಲ್ಲ. ಭಾವನವರ ಫೋಲಿಯೊದಲ್ಲಿ ಕೊನೆಗೆ ಉಳಿದದ್ದಕ್ಕಿಂತ ಕಂಪ್ಯೂಟರಿನಲ್ಲಿ 25 ಯೂನಿಟ್ಟು ಹೆಚ್ಚಿತ್ತು. ನೂರಕ್ಕೂ ಮಿಕ್ಕ ಸಾಲುಗಳಲ್ಲಿ ತಪ್ಪೆಲ್ಲಿದೆ? ಕಾಲುವೆಯ ನೀರು ಗದ್ದೆಗೆ ಮುಟ್ಟದಿದ್ದರೆ ನಮ್ಮ ರೈತರು ಏನು ಮಾಡುತ್ತಾರೆ ಹೇಳಿ. ನಡುವಿನ ಒಂದು ಕಡೆ ಹೋಗಿ ನೋಡುತ್ತಾರೆ. ಅಲ್ಲಿ ನೀರಿದ್ದರೆ ಒಡೆದದ್ದು ಕೆಳಗಡೆ, ಇಲ್ಲದಿದ್ದರೆ ಮೇಲ್ಗಡೆ. ನಾವೂ ಹಾಗೆಯೇ ಪ್ರತಿ ಮಾರ್ಚ್ 31ರ ಬಾಕಿ ಹೋಲಿಸಿದೆವು. 2019 ಸರಿ, 2020 ಸರಿ, 2021 ತಪ್ಪು. ಹಾಗಾದರೆ ಆ ಒಂದು ವರ್ಷದೊಳಗೆ. ಸೆಪ್ಟೆಂಬರಿನ ಬಾಕಿ ನೋಡಿದರೆ ಅಲ್ಲೂ ತಪ್ಪು. ಉಳಿದದ್ದು ಆರೇ ತಿಂಗಳು. 2020ರ ಮೇ ತಿಂಗಳ ಸಾಲು ಕಂಪ್ಯೂಟರಿನಲ್ಲಿತ್ತು, ಫಂಡಿನ ಕಾಗದದಲ್ಲಿರಲಿಲ್ಲ. ಕೊರೊನಾ ಕಾಲದ ಆ ತಿಂಗಳು ಬ್ಯಾಂಕಿನಲ್ಲಿ ಹಣ ಸಾಲದೆ ಕಂತು ಹಿಂದಕ್ಕೆ ಹೋಗಿತ್ತು. ಪ್ರತಿ ತಿಂಗಳೂ ತಾನಾಗಿಯೇ ಬರೆದುಕೊಳ್ಳುವಂತೆ ಹೇಳಿಟ್ಟಿದ್ದ ತಂತ್ರಾಂಶ ಮಾತ್ರ ತನ್ನ ಪಾಡಿಗೆ ಬರೆದುಕೊಂಡಿತ್ತು. ಅದಕ್ಕೇನು ಗೊತ್ತು, ಮನೆಯಲ್ಲಿ ಕಾಸಿರಲಿಲ್ಲವೆಂದು!

ಆ ಸಾಲು ತೆಗೆದ ಮೇಲೂ ಕೂದಲೆಳೆಯಷ್ಟು ವ್ಯತ್ಯಾಸ ಉಳಿಯಿತು. ಅದರಲ್ಲಿ ಒಂದು ಪಾಲು ಪಾಯಿಂಟಿನ ಆಚೆಯ ಅಂಕಿಗಳದು. ಫಂಡಿನವರು ಯೂನಿಟ್ಟನ್ನು ಪಾಯಿಂಟಿನ ಆಚೆ ಮೂರು ಅಂಕಿಯವರೆಗೆ ಬರೆಯುತ್ತಾರೆ. ತಂತ್ರಾಂಶದಲ್ಲಿ ಎರಡೇ ಅಂಕಿ ಎಂದು ಗುರುತಿಟ್ಟಿತ್ತು. ಇನ್ನೊಂದು ಪಾಲು ಮುದ್ರಾಂಕ ಶುಲ್ಕದ್ದು. 2020ರ ಜುಲೈ 1ರಿಂದ ಯೂನಿಟ್ಟು ಕೊಳ್ಳುವಾಗ ಶೇಕಡಾ 0.005ರಷ್ಟು ಈ ಶುಲ್ಕ ಕಳೆಯುತ್ತಾರೆ. 2,000 ರೂಪಾಯಿಗೆ ಹತ್ತು ಪೈಸೆ. ಯೂನಿಟ್ಟು ಬರುವುದು 1,999 ರೂಪಾಯಿ 90 ಪೈಸೆಗೆ ಮಾತ್ರ. ತಂತ್ರಾಂಶವೋ 2,000ವನ್ನೇ ದರದಿಂದ ಭಾಗಿಸುತ್ತಿತ್ತು. ಹತ್ತು ಪೈಸೆ ಎಂದು ನಗಬೇಡಿ. ಎಲ್ಲ ಯೂನಿಟ್ಟು ಮಾರಿದ ಮೇಲೂ ಖಾತೆಯಲ್ಲಿ ಚೂರುಪಾರು ಉಳಿದು, ಲೆಕ್ಕ ಮುಗಿಯದೆ ಕಾಡುವುದು ಇಂಥ ಚಿಲ್ಲರೆಯಿಂದಲೇ. ಇದಕ್ಕೆ ಮದ್ದು ಸುಲಭ. ದರದಿಂದ ಭಾಗಿಸುವ ಕೆಲಸವನ್ನು ತಂತ್ರಾಂಶಕ್ಕೆ ಬಿಡದೆ, ಕಾಗದದಲ್ಲಿರುವ ಯೂನಿಟ್ಟನ್ನೇ ಇದ್ದ ಹಾಗೆ ಬರೆಯಬೇಕು. ಹತ್ತು ಪೈಸೆಯನ್ನು ಖರ್ಚೆಂದು ಬೇರೆ ತೋರಿಸಬೇಕು.

ಕಳೆದುಹೋದ ದಿನಾಂಕಗಳು

ಯೂನಿಟ್ಟು ಹೊಂದಿತು. ಆದರೂ ಲಾಭ ಆರು ಸಾವಿರವನ್ನು ಬಿಟ್ಟು ಅಲ್ಲಾಡಲಿಲ್ಲ. ಆಗ ಗಂಟುಗಳ ಪಟ್ಟಿಯನ್ನೇ ತೆರೆದೆವು. ಇಂಥ ತಂತ್ರಾಂಶಗಳಲ್ಲಿ ಲಾಟುಗಳನ್ನು ತೋರಿಸುವ ಕಿಟಕಿಯೊಂದು ಇರುತ್ತದೆ, ಹುಡುಕಿ ನೋಡಿ. ಅಕ್ಕನ ಖಾತೆಯಲ್ಲಿ ನೂರು ಗಂಟುಗಳಿರಬೇಕಾದ ಕಡೆ ಇದ್ದದ್ದು ಒಂದೇ ಗಂಟು! ಹುಟ್ಟಿದ ದಿನ 2024ರ ನವೆಂಬರ್. ಬೆಲೆ ಆ ದಿನದ್ದು.

ಆದದ್ದಿಷ್ಟು. ಹೆಸರು ವರ್ಗವಾದಾಗ ಪೇಟೆಯ ಅಂಗಡಿಯ ಹುಡುಗನೊಬ್ಬ ಭಾವನವರ ಖಾತೆಯಿಂದ ಎಲ್ಲ ಮಾರಿದಂತೆಯೂ ಅಕ್ಕನ ಖಾತೆಗೆ ಎಲ್ಲ ಹೊಸದಾಗಿ ಕೊಂಡಂತೆಯೂ ತುಂಬಿಕೊಟ್ಟಿದ್ದ. ಮಾರಿದ್ದು ಯಾರು, ಕೊಂಡದ್ದು ಯಾರು? ಸತ್ತವರ ಸೊತ್ತು ಮನೆಯವರಿಗೆ ಬರುವುದು ವ್ಯಾಪಾರವಲ್ಲ. ಕಾನೂನೂ ಹಾಗೆ ನೋಡುವುದಿಲ್ಲ. ತೀರಿಕೊಂಡವರು ಕೊಟ್ಟ ಬೆಲೆಯೇ ವಾರಸುದಾರರ ಅಸಲು, ಅವರು ಕೊಂಡ ದಿನದಿಂದಲೇ ಅವಧಿಯ ಎಣಿಕೆ. ಭಾವನವರು 2016ರಲ್ಲಿ ಕಟ್ಟಿದ ಕಂತು ಅಕ್ಕನ ಕೈಯಲ್ಲೂ 2016ರ ಕಂತೇ.

ಅದನ್ನು ಸರಿಪಡಿಸಲು ಭಾವನವರ ಖಾತೆಗೆ ಹೋದರೆ ಅಲ್ಲಿ ಇನ್ನೊಂದು ದೊಡ್ಡ ಗಂಟು. ಅವರು ಈ ತಂತ್ರಾಂಶ ಇಟ್ಟುಕೊಂಡದ್ದು 2019ರ ಏಪ್ರಿಲ್‌ನಲ್ಲಿ. ಅದಕ್ಕೆ ಹಿಂದಿನ ಮೂರು ವರ್ಷ ಮೂರು ತಿಂಗಳ 39 ಕಂತುಗಳೂ “ಆರಂಭ ಶಿಲ್ಕು” ಎಂಬ ಒಂದೇ ಸಾಲಿನಲ್ಲಿ ಕೂತಿದ್ದವು. ಯೂನಿಟ್ಟಿನ ಮೊತ್ತ ಸರಿ, ಆದರೆ ದಿನಾಂಕವೂ ದರವೂ ಒಂದೇ. ನಾನು ಹೇಳಿದ ಹಿಟ್ಟಿನ ಡಬ್ಬಿ ಇದೇ! ಅದರಲ್ಲಿ 25 ಕಂತುಗಳು 2018ರ ಜನವರಿ 31ಕ್ಕೆ ಮುಂಚಿನವು. ಆ ಸವಲತ್ತೂ ಡಬ್ಬಿಯೊಳಗೇ ಹೂತುಹೋಗಿತ್ತು.

ಅಕ್ಕನ ಮಗಳು ಕಾಗದ ನೋಡಿ ಓದಿದಳು, ಅಕ್ಕ ತಮ್ಮ ಕೈಯಾರೆ 39 ಸಾಲುಗಳನ್ನೂ ಒಂದೊಂದಾಗಿ ತುಂಬಿದರು. “ಚಿಗವ್ವ, ಅಪ್ಪ ಇದನ್ನ ಕಟ್ಟಿದಾಗ ನಾನು ಮೂರನೇ ಕ್ಲಾಸು” ಎಂದು ಹುಡುಗಿ ಹೇಳಿದಾಗ ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ದಿನಾಂಕಕ್ಕೆ ಬರೀ ತೆರಿಗೆಯ ಬೆಲೆಯಲ್ಲ, ಬೇರೆ ಬೆಲೆಯೂ ಇದೆ ನೋಡಿ.

ಎಲ್ಲ ಮುಗಿದ ಮೇಲೆ ಒಂದೂವರೆ ಲಕ್ಷದಷ್ಟು ಮಾರಿದರೆ ಏನಾಗುತ್ತದೆಂದು ನೋಡಿದೆವು. ಅಸಲು ಸುಮಾರು 53 ಸಾವಿರ. 2018ರ ಸವಲತ್ತು ಹಿಡಿದರೆ ಅಸಲು 66 ಸಾವಿರಕ್ಕೆ ಏರಿ, ತೆರಿಗೆಯ ಲೆಕ್ಕದ ಲಾಭ ಸುಮಾರು 84 ಸಾವಿರ. ಅಷ್ಟೂ ದೀರ್ಘಾವಧಿ. ಆ ವರ್ಷ ಅಕ್ಕನಿಗೆ ಇಂಥ ಬೇರೆ ಲಾಭವಿರಲಿಲ್ಲ. 1,25,000ದ ಮಿತಿಯೊಳಗೇ ಇದ್ದುದರಿಂದ ತೆರಿಗೆ ಸೊನ್ನೆ. ಲೆಕ್ಕಿಗರು ಕಾಗದ ನೋಡಿ ತಲೆಯಾಡಿಸಿದರು. ಶುಲ್ಕ ಕಟ್ಟಲು ಇನ್ನೂ ನಾಲ್ಕು ದಿನವಿತ್ತು.

ಹಾಗಾದರೆ ಆರು ಸಾವಿರವನ್ನೇ ತೋರಿಸಿದ್ದರೆ ನಷ್ಟವೇನಿತ್ತು ಎನ್ನುತ್ತೀರಾ? ಇತ್ತು. ಮಾರಿದ ವಿಷಯ ಆದಾಯ ತೆರಿಗೆ ಇಲಾಖೆಗೂ ಹೋಗುತ್ತದೆ. 2021ರ ನವೆಂಬರಿನಿಂದ ಇಲಾಖೆಯ ತಾಣದಲ್ಲಿ ಎಐಎಸ್ ಎಂಬ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ನಾವೇ ನೋಡಬಹುದು. ಅಲ್ಲಿಯದಕ್ಕೂ ನಾವು ಬರೆದದ್ದಕ್ಕೂ ತಾಳೆಯಿಲ್ಲದಿದ್ದರೆ ಪತ್ರ ಬರುತ್ತದೆ. ಗಂಡನಿಲ್ಲದ ಹೆಣ್ಣುಮಗಳು ಆ ಪತ್ರ ಹಿಡಿದು ಯಾರ ಬಾಗಿಲಿಗೆ ಅಲೆಯಬೇಕು?

ನಿಮ್ಮ ಮನೆಯಲ್ಲೂ ಮಾಡಿ ನೋಡಿ

ಅಡುಗೆಯ ಪುಟದಂತೆ ಇದನ್ನೂ ಸಾಮಗ್ರಿ, ವಿಧಾನ ಎಂದೇ ಹೇಳಿಬಿಡುತ್ತೇನೆ.

ಬೇಕಾಗುವ ಸಾಮಗ್ರಿ: ಗೆರೆ ಹಾಕಿದ ಒಂದು ನೋಟ್‌ಬುಕ್ಕು, ಮೊದಲ ದಿನದಿಂದ ಇರುವ ವಿವರವಾದ ಖಾತೆಪಟ್ಟಿ, ಬ್ಯಾಂಕಿನ ಪಾಸ್‌ಬುಕ್ಕು, ಕಂಪ್ಯೂಟರಿನ ಲೆಕ್ಕದ ಒಂದು ನಕಲು. ನಕಲು ಮರೆಯಬೇಡಿ. ರಿಪೇರಿ ಶುರುಮಾಡುವ ಮುಂಚೆ ಇದ್ದ ಲೆಕ್ಕವನ್ನು ಹಾಗೆಯೇ ಇನ್ನೊಂದು ಹೆಸರಿನಲ್ಲಿ ಉಳಿಸಿಟ್ಟರೆ ಕೈತಪ್ಪಿದಾಗ ಹಿಂದಕ್ಕೆ ಬರಬಹುದು.

ವಿಧಾನ: ನೋಟ್‌ಬುಕ್ಕಿನಲ್ಲಿ ಒಂದು ಫೋಲಿಯೊಗೆ ಒಂದು ಪುಟ ತೆಗೆಯಿರಿ. ದಿನಾಂಕ, ಕಟ್ಟಿದ ಹಣ, ದರ, ಬಂದ ಯೂನಿಟ್ಟು, ಉಳಿದ ಯೂನಿಟ್ಟು ಎಂದು ಐದು ಕಾಲಂ ಸಾಕು. ಒಂದು ಕಂತಿಗೆ ಒಂದು ಸಾಲು. ಮಾರಿದಾಗ ಮೇಲಿನ ಸಾಲಿನಿಂದ ಹೊಡೆದುಹಾಕುತ್ತಾ ಬನ್ನಿ. ಅರ್ಧ ಹೋದ ಗಂಟಿನ ಮುಂದೆ ಉಳಿದದ್ದೆಷ್ಟೆಂದು ಬರೆಯಿರಿ.

ಕಂಪ್ಯೂಟರಿನಲ್ಲಿ ಮೊದಲು ಕೊಂಡ ಸಾಲುಗಳನ್ನೆಲ್ಲ ಸರಿಪಡಿಸಿ. ಮಾರಿದ ಸಾಲನ್ನು ಅಳಿಸಿ ಕೊನೆಯಲ್ಲಿ ಮತ್ತೆ ತುಂಬಿ. ಹಲವು ತಂತ್ರಾಂಶಗಳು ಮಾರಿದಾಗ ಒಮ್ಮೆ ಕಟ್ಟಿದ ಜೋಡಿಯನ್ನು ತಾವಾಗಿ ಬಿಚ್ಚುವುದಿಲ್ಲ. ಆಮೇಲೆ ನಾವು ಹಳೆಯ ಸಾಲುಗಳನ್ನು ಎಷ್ಟು ತಿದ್ದಿದರೂ ಅದು ಹಿಡಿದ ಹಟ ಬಿಡುವುದಿಲ್ಲ.

ಒಂದು ಫಂಡಿನಿಂದ ಇನ್ನೊಂದಕ್ಕೆ ಬದಲಾಯಿಸಿದ್ದರೆ, ಅದೇ ಫಂಡಿನ ರೆಗ್ಯುಲರ್ ಯೋಜನೆಯಿಂದ ಡೈರೆಕ್ಟ್ ಯೋಜನೆಗೆ ಹೋಗಿದ್ದರೂ ಸರಿಯೇ, ಬರೀ ಹೆಸರು ತಿದ್ದಬೇಡಿ. ತೆರಿಗೆಯ ಕಣ್ಣಿಗೆ ಅದು ಮಾರಿ ಕೊಂಡದ್ದೇ. ಆ ದಿನದಿಂದ ಗಂಟಿಗೆ ಹೊಸ ಜನ್ಮ. ವಾರಸಿನಿಂದ ಬಂದದ್ದು ಇದಕ್ಕೆ ಸರೀ ತಿರುಗುಮುರುಗು. ಹೆಸರು ಬದಲಾದರೂ ಜನ್ಮದಿನ ಹಳೆಯದೇ. ಈ ಎರಡನ್ನು ಅದಲುಬದಲು ಮಾಡಿದರೆ ಲೆಕ್ಕವೆಲ್ಲ ತಲೆಕೆಳಗು. ಇನ್ನು, ಲಾಭಾಂಶವನ್ನು ಮತ್ತೆ ಅದೇ ಫಂಡಿಗೆ ಹಾಕುವ ಯೋಜನೆಯಾದರೆ ಹಾಗೆ ಬಂದ ಒಂದೊಂದು ಪುಡಿ ಯೂನಿಟ್ಟೂ ಒಂದೊಂದು ಗಂಟೇ.

ಕೊನೆಗೆ ರುಚಿ ನೋಡುವ ಬಗೆ. ಮಾರಿದ ಗಂಟುಗಳ ಅಸಲಿಗೆ ಉಳಿದ ಗಂಟುಗಳ ಅಸಲು ಕೂಡಿಸಿದರೆ ಒಟ್ಟು ಕಟ್ಟಿದ ಹಣ ಬರಬೇಕು. ನಮ್ಮ ಮೂರು ಗಂಟಿನ ಲೆಕ್ಕದಲ್ಲಿ ಮಾರಿದ್ದರ ಅಸಲು 2,500. ಉಳಿದದ್ದು 25ರ ದರದ 60 ಮತ್ತು 40ರ ದರದ 50 ಯೂನಿಟ್ಟು, ಅಂದರೆ 3,500. ಕೂಡಿಸಿ ನೋಡಿ, 6,000 ಬಂತಲ್ಲ? ಹೀಗೆ ಬಂದರೆ ಮಾತ್ರ ಒಲೆ ಆರಿಸಿ.

ಒಂದು ಮಾತನ್ನು ಮಾತ್ರ ಕೈಮುಗಿದು ಹೇಳುತ್ತೇನೆ. ಎರಡು ಲೆಕ್ಕ ಹೊಂದದಾಗ “ಹೊಂದಾಣಿಕೆ” ಎಂದೊಂದು ಸುಳ್ಳು ಸಾಲು ಬರೆದು ಮೊತ್ತವನ್ನು ಸರಿದೂಗಿಸಬೇಡಿ. ತಂತ್ರಾಂಶವೂ ಅದಕ್ಕೆ ಅವಕಾಶ ಕೊಡುತ್ತದೆ, ನಮಗೂ ಬೇಗ ಮುಗಿದರೆ ಸಾಕೆನಿಸುತ್ತದೆ. ಹೊಲಿಗೆ ಬಿಟ್ಟ ಕಡೆ ಹೊಲಿಯದೆ ಮೇಲೆ ಸೆರಗು ಹೊದ್ದಂತೆ ಅದು. ಆ ಸಾಲಿಗೆ ಹುಟ್ಟಿದ ದಿನವಿಲ್ಲ, ಬೆಲೆಯಿಲ್ಲ. ಮುಂದೊಂದು ದಿನ ಮಾರುವಾಗ ಸರದಿಯಲ್ಲಿ ಅದೂ ಬಂದು ನಿಲ್ಲುತ್ತದೆ.

ಹನಿಗೂಡಿ ಹಳ್ಳ ಎಂದು ಹಿರಿಯರು ಹೇಳಿದರು. ಕೂಡಿಸುವುದನ್ನು ನಾವೆಲ್ಲ ಕಲಿತಿದ್ದೇವೆ. ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟು ಕೂಡಿಸಿದವರ ಮಕ್ಕಳು ನಾವು. ಆದರೆ ಹನಿಯ ಲೆಕ್ಕ ಮನೆಯಲ್ಲಿ ಒಬ್ಬರ ತಲೆಯಲ್ಲಿ ಮಾತ್ರ ಇದ್ದರೆ ಅವರಿಲ್ಲದ ದಿನ ಹಳ್ಳ ಎದುರಿಗಿದ್ದೂ ಬೊಗಸೆಗೆ ಸಿಗುವುದಿಲ್ಲ. ನಿಮ್ಮ ಯಜಮಾನರೇ ಲೆಕ್ಕ ನೋಡುತ್ತಿರಬಹುದು, ಮಗನೇ ನೋಡುತ್ತಿರಬಹುದು, ಸಂತೋಷ. ಈ ಭಾನುವಾರ ಊಟವಾದ ಮೇಲೆ ಎಲೆ ಅಡಿಕೆ ಮುಂದಿಟ್ಟು, ಫೋಲಿಯೊ ಸಂಖ್ಯೆಗಳೆಷ್ಟು, ಯಾವ ಇ-ಮೇಲ್ ಕೊಟ್ಟಿದ್ದೀರಿ, ನಾಮಿನಿ ಯಾರು ಎಂಬ ಮೂರನ್ನು ಕೇಳಿ ಬರೆದುಕೊಳ್ಳಿ. ಸಂಶಯದಿಂದ ಕೇಳುತ್ತಿದ್ದೀಯಾ ಎಂದು ಅವರು ನಕ್ಕರೆ ನೀವೂ ನಗಿ, ಬರೆದುಕೊಳ್ಳುವುದನ್ನು ಮಾತ್ರ ಬಿಡಬೇಡಿ.

ಅಕ್ಕ ಈಗ ತಮ್ಮ ಹೆಸರಿನಲ್ಲೇ ತಿಂಗಳಿಗೆ 500 ರೂಪಾಯಿಯ ಕಂತು ಶುರುಮಾಡಿದ್ದಾರೆ. ಪ್ರತಿ ತಿಂಗಳೂ ಫಂಡಿನವರ ಸಂದೇಶ ಬಂದ ದಿನವೇ ಕನ್ನಡಕ ಹಾಕಿಕೊಂಡು ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯುತ್ತಾರೆ. ಆಮೇಲೆ ಕಂಪ್ಯೂಟರಿಗೆ ತುಂಬಿ ಎರಡನ್ನೂ ತಾಳೆ ನೋಡುತ್ತಾರೆ. ಐದು ನಿಮಿಷದ ಕೆಲಸ. ಅನ್ನ ಬೇಯುವಷ್ಟು ಹೊತ್ತೂ ಹಿಡಿಯುವುದಿಲ್ಲ.